ಕಿಟಕಿಗೆ ಸನ್ ಫಿಲ್ಮ್ ಹಾಕಿದರೂ ಒಳಗೆ ಕಾಣುತ್ತಿದೆಯೇ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಬೆಂಗಳೂರು, ಮೈಸೂರಿನ 30×40 ಅಡಿ ಸೈಟುಗಳಲ್ಲಿ ಮನೆ ಕಟ್ಟಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಪಕ್ಕದ ಮನೆಗೂ ನಮಗೂ ನಡುವೆ ನಾಲ್ಕೈದು ಅಡಿ ಓಣಿ. ನಮ್ಮ ಅಡುಗೆಮನೆ ಕಿಟಕಿಯ ನೇರಕ್ಕೆ ಅವರ ಬೆಡ್‌ರೂಮ್ ಕಿಟಕಿ. ಇಡೀ ದಿನ ಕರ್ಟನ್ ಎಳೆದುಕೊಂಡು ಇರೋಕಾಗಲ್ಲ. ಹಾಗಾಗಿ ಗಾಜಿಗೆ ಸನ್ ಫಿಲ್ಮ್ ಅಂಟಿಸುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಸ್ವಲ್ಪ ದಿನಕ್ಕೇ ದೂರು ಶುರುವಾಗುತ್ತದೆ. ರಾತ್ರಿ ಎಲ್ಲಾ ಕಾಣುತ್ತೆ, ಗುಳ್ಳೆ ಬಂದಿದೆ, ಅಂಚು ಎದ್ದಿದೆ, ಗಾಜೇ ಬಿರುಕು ಬಿಟ್ಟಿದೆ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಬೈಯುವುದು ಫಿಲ್ಮಿಗೆ. ಫಿಲ್ಮ್ ಕಳಪೆ ಅಂತ ಕಿತ್ತು, ಇನ್ನೂ ಕಪ್ಪು ಫಿಲ್ಮ್ ತಂದು ಅಂಟಿಸುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ, ಮನೆ ಮಾತ್ರ ಕತ್ತಲಾಗುತ್ತದೆ. ಕೀಳುವ ಮೊದಲು ದೋಷ ಎಲ್ಲಿದೆ ಅಂತ ನೋಡಿ: ಬೆಳಕಿನಲ್ಲೋ, ಗಾಜಿನಲ್ಲೋ, ಅಂಟಿಸಿದ ರೀತಿಯಲ್ಲೋ, ಅಥವಾ ನಿಜವಾಗಿಯೂ ಫಿಲ್ಮಿನಲ್ಲೇನಾ? ನನ್ನ ಪ್ರಕಾರ ಬೆಳಕನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಿಮ್ಮ ಗಾಜಿನ ಮೇಲೆ ಇರೋದು ಯಾವ ಫಿಲ್ಮ್?

ಅಂಗಡಿಯಲ್ಲಿ ಎಲ್ಲವನ್ನೂ ಸನ್ ಫಿಲ್ಮ್, ಕೂಲಿಂಗ್ ಫಿಲ್ಮ್ ಅಂತಲೇ ಕರೆಯುತ್ತಾರೆ. ಆದರೆ ಒಳಗಿನ ಸಂಗತಿ ಬೇರೆ ಬೇರೆ. ಹಗಲಲ್ಲಿ ಹೊರಗೆ ಹೋಗಿ ಗಾಜಿನ ಎದುರು ನಿಲ್ಲಿ. ನಿಮ್ಮ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡರೆ ಅದು ಲೋಹದ ತೆಳು ಲೇಪನ ಇರುವ ರಿಫ್ಲೆಕ್ಟಿವ್ ಫಿಲ್ಮ್. ಜನ ಒನ್ ವೇ ಅನ್ನೋದು ಇದನ್ನೇ. ಗಾಜು ಬರೀ ಕಪ್ಪಗೆ ಕಂಡು, ಮುಖ ಮಸುಕಾಗಿ ಮೂಡಿದರೆ ಅದು ಬಣ್ಣ ಹಾಕಿದ ಫಿಲ್ಮ್. ಹಾಲು ಬಿಳುಪಾಗಿ, ಆಚೆಗಿನದು ಯಾವುದೂ ಸ್ಪಷ್ಟವಿಲ್ಲದಿದ್ದರೆ ಫ್ರಾಸ್ಟೆಡ್ ಶೀಟ್.

ಫಿಲ್ಮಿನ ಮೇಲೆ ಬರೆದಿರುವ ಶೇಕಡಾ ಲೆಕ್ಕವನ್ನೂ ತಿಳಿದಿರಬೇಕು. 20 ಅಂದರೆ ನೂರು ಪಾಲು ಬೆಳಕಲ್ಲಿ 20 ಪಾಲು ಮಾತ್ರ ದಾಟುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಫಿಲ್ಮ್ ಗಾಢ. ಇಲ್ಲಿ ತುಂಬಾ ಜನ ಕಾರಿನ ನಿಯಮ ನೆನೆಸಿಕೊಂಡು ಹೆದರುತ್ತಾರೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿನ ವಿರುದ್ಧ ತೀರ್ಪು ಕೊಟ್ಟಿದ್ದು ವಾಹನಗಳ ವಿಚಾರದಲ್ಲಿ. ಮುಂದೆ-ಹಿಂದೆ 70, ಪಕ್ಕದ ಗಾಜಿಗೆ 50 ಅನ್ನುವ ಲೆಕ್ಕವೂ ವಾಹನಗಳದ್ದೇ. ಮನೆ ಕಿಟಕಿಗೆ ಅದು ಅನ್ವಯಿಸುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದರೆ ಮಾತ್ರ ಅಸೋಸಿಯೇಷನ್‌ನವರನ್ನು ಒಂದು ಮಾತು ಕೇಳಿ. ಕಟ್ಟಡದ ಹೊರನೋಟ ಬದಲಾಗುತ್ತೆ ಅಂತ ಕೆಲವು ಕಡೆ ಒಪ್ಪುವುದಿಲ್ಲ.

ಹಗಲು ಚೆನ್ನಾಗಿದೆ, ರಾತ್ರಿ ಎಲ್ಲಾ ಕಾಣುತ್ತೆ

ಅತಿ ಹೆಚ್ಚು ಬರುವ ದೂರು ಇದು. ಫಿಲ್ಮ್ ಹಾಕುವವರ ಜೊತೆ ನಡೆಯುವ ಮಾತೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

"ಅಣ್ಣಾ, ಒನ್ ವೇ ಅಂದ್ರಲ್ಲ, ನಿನ್ನೆ ರಾತ್ರಿ ಎದುರು ಮನೆ ಆಂಟಿ ನಾವು ಊಟ ಮಾಡ್ತಿದ್ದಿದ್ದನ್ನ ನೋಡಿದ್ರಂತೆ!"

"ಅಕ್ಕಾ, ರಾತ್ರಿ ಲೈಟ್ ಹಾಕಿದ್ರೆ ಕಾಣತ್ತೆ. ಹಗಲಿಗೆ ಮಾತ್ರ ಇದು."

ಹಾಕುವ ಮೊದಲೇ ಈ ಮಾತು ಹೇಳಬೇಕಿತ್ತು, ಅದು ಬೇರೆ ವಿಷಯ. ಆದರೆ ಅವರು ಹೇಳಿದ್ದು ನಿಜ. ಯಾವ ಫಿಲ್ಮೂ ಒಂದು ದಿಕ್ಕಿಗೆ ಮಾತ್ರ ಬೆಳಕು ಬಿಡುವುದಿಲ್ಲ. ಎರಡೂ ಕಡೆಗೆ ಒಂದೇ ಪ್ರಮಾಣದಲ್ಲಿ ಬಿಡುತ್ತದೆ. ಯಾವ ಕಡೆ ಬೆಳಕು ಜಾಸ್ತಿಯೋ ಆ ಕಡೆ ನಿಂತವರಿಗೆ ಕನ್ನಡಿ, ಕಡಿಮೆ ಇರುವ ಕಡೆಯವರಿಗೆ ಕಿಟಕಿ.

ಲೆಕ್ಕ ಹಾಕಿ ನೋಡಿದರೆ ಮನದಟ್ಟಾಗುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೇರ ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಹಗಲಿನ ತೆರೆದ ನೆರಳಿನಲ್ಲಿ 10,000ದ ಆಸುಪಾಸು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ 200 ಅಂತಿಟ್ಟುಕೊಳ್ಳಿ. ನಿಮ್ಮ ರಿಫ್ಲೆಕ್ಟಿವ್ ಫಿಲ್ಮ್ ಅರ್ಧ ಬೆಳಕನ್ನು ವಾಪಸ್ ಕಳಿಸಿ, 20 ಪಾಲು ದಾಟಿಸುತ್ತದೆ ಅಂದುಕೊಳ್ಳೋಣ. ಹಗಲಲ್ಲಿ ಹೊರಗೆ ನಿಂತವರ ಕಣ್ಣಿಗೆ ಕನ್ನಡಿಯ ಬೆಳಕು 5,000, ಒಳಗಿಂದ ಬರುವುದು 40. ಆ 40 ಎಲ್ಲೂ ಹೋಗಿಲ್ಲ, 5,000ದ ಮುಂದೆ ಕಾಣುವುದಿಲ್ಲ ಅಷ್ಟೇ. ರಾತ್ರಿ ಓಣಿಯಲ್ಲಿ ಇರುವುದೇ 10 ಲಕ್ಸ್. ಕನ್ನಡಿಯ ಬೆಳಕು 5ಕ್ಕೆ ಇಳಿಯಿತು. ಒಳಗಿನದು ಅದೇ 40. ಈಗ ಒಳಗಿರುವವರು ಎಂಟು ಪಟ್ಟು ಎದ್ದು ಕಾಣುತ್ತಾರೆ.

ಇನ್ನೂ ಗಾಢ ಫಿಲ್ಮ್ ಹಾಕಿದರೆ? 5 ಪಾಲು ಮಾತ್ರ ದಾಟಿಸುವ ಫಿಲ್ಮಿನಲ್ಲೂ ಒಳಗಿನಿಂದ 10 ಬರುತ್ತದೆ. 5ಕ್ಕಿಂತ ಅದು ಜಾಸ್ತಿಯೇ ಅಲ್ವಾ? ಹಗಲಿನ ಬೆಳಕನ್ನು ಕಳೆದುಕೊಂಡರೂ ರಾತ್ರಿಯ ತೊಂದರೆ ತೀರಲಿಲ್ಲ. ಹಾಗಾಗಿ ರಾತ್ರಿಯ ಕಾರಣಕ್ಕೆ ಗಾಢ ಫಿಲ್ಮ್ ಕೊಳ್ಳಲೇಬೇಡಿ.

ಪರೀಕ್ಷೆ ಸುಲಭ. ರಾತ್ರಿ ಎಂಟರ ಹೊತ್ತಿಗೆ ಕೋಣೆಯಲ್ಲಿ ಎಂದಿನಂತೆ ಲೈಟ್ ಹಾಕಿ, ಮನೆಯವರೊಬ್ಬರನ್ನು ಒಳಗೆ ನಿಲ್ಲಿಸಿ, ನೀವು ಹೊರಗೆ ಬನ್ನಿ. ಒಳಗಿನಿಂದ ನೋಡಿ ತೀರ್ಮಾನ ಮಾಡಬೇಡಿ. ಒಳಗಿನವರಿಗೆ ರಾತ್ರಿ ಗಾಜಿನಲ್ಲಿ ತಮ್ಮದೇ ಮುಖ ಕಾಣುತ್ತಿರುತ್ತದೆ, ಹೊರಗೂ ಹಾಗೇ ಇರಬಹುದು ಅಂತ ನಂಬಿಬಿಡುತ್ತಾರೆ. ಅಪಾಯ ಇರುವುದೇ ಆ ನಂಬಿಕೆಯಲ್ಲಿ. ಬಟ್ಟೆ ಬದಲಾಯಿಸುವ ಕೋಣೆ, ಹೆಣ್ಣುಮಕ್ಕಳ ಪಿಜಿ, ನೆಲಮಹಡಿಯ ಬೆಡ್‌ರೂಮ್ ಇವುಗಳಲ್ಲಿ ಈ ಪರೀಕ್ಷೆ ಮಾಡದೆ ಒನ್ ವೇ ಫಿಲ್ಮನ್ನು ನಂಬಲೇಬಾರದು.

ಪರಿಹಾರ ಮೂರು ಥರ. ಹಗಲಿಗೆ ಫಿಲ್ಮ್ ಇರಲಿ, ಸಂಜೆ ದೀಪ ಹಾಕುವ ಮೊದಲು ದಪ್ಪ ಕರ್ಟನ್ ಅಥವಾ ಬ್ಲೈಂಡ್ ಎಳೆಯಿರಿ. ತೆಳ್ಳನೆ ಜಾಲರಿ ಕರ್ಟನ್ ಸಾಲದು, ಅದೂ ಇದೇ ಬೆಳಕಿನ ಲೆಕ್ಕಕ್ಕೆ ಸಿಕ್ಕುತ್ತದೆ. ಎರಡನೆಯದು, ಅಡುಗೆಮನೆಯಂಥ ಕಡೆ ಕಿಟಕಿಯ ಕೆಳಗಿನ ಅರ್ಧಕ್ಕೆ, ನೆಲದಿಂದ ಸುಮಾರು ಐದೂವರೆ ಅಡಿವರೆಗೆ, ಫ್ರಾಸ್ಟೆಡ್ ಶೀಟ್ ಹಾಕಿ ಮೇಲಿನದನ್ನು ಖಾಲಿ ಬಿಡಿ. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಬೆಳಕೂ ಉಳಿಯುತ್ತದೆ, ಹಗಲು-ರಾತ್ರಿ ಎರಡಕ್ಕೂ ಆಗುತ್ತದೆ. ಎದುರಿನವರ ಕಿಟಕಿ ನಿಮ್ಮದಕ್ಕಿಂತ ಎತ್ತರದಲ್ಲಿದ್ದರೆ ಮಾತ್ರ ಪೂರ್ತಿ ಗಾಜಿಗೆ ಹಾಕಬೇಕಾಗುತ್ತದೆ. ಮೂರನೆಯದು, ಬಚ್ಚಲುಮನೆ. ಅಲ್ಲಿ ಫ್ರಾಸ್ಟೆಡ್ ಬಿಟ್ಟು ಬೇರೆ ಮಾತೇ ಇಲ್ಲ.

ಫ್ರಾಸ್ಟೆಡ್ ಹಾಕಿದರೂ ನೆರಳು ಕಾಣುತ್ತೆ

ಫ್ರಾಸ್ಟೆಡ್ ಗಾಜು ದೂರದ ವಸ್ತುವನ್ನು ಚೆನ್ನಾಗಿ ಕಲಸಿಬಿಡುತ್ತದೆ. ಹತ್ತಿರದ್ದನ್ನು ಅಷ್ಟಾಗಿ ಮರೆಮಾಡುವುದಿಲ್ಲ. ಕೈಯನ್ನು ಗಾಜಿಗೆ ತಾಗಿಸಿ ಹೊರಗಿನಿಂದ ನೋಡಿದರೆ ಬೆರಳು ಎಣಿಸಬಹುದು. ಅರ್ಧ ಅಡಿ ಹಿಂದಕ್ಕೆ ಸರಿಸಿದರೆ ಬರೀ ಮಬ್ಬು. ಹಾಗಾಗಿ ಗಾಜಿಗೆ ಒತ್ತಿಕೊಂಡೇ ನಿಂತು ಸ್ನಾನ ಮಾಡುವ ಕಡೆ ಕಿಟಕಿ ಇದ್ದರೆ ನೆರಳು ಕಾಣುತ್ತದೆ.

ಇನ್ನೊಂದು ಕಾರಣ ದೀಪದ ಜಾಗ. ದೀಪ ನಿಮ್ಮ ಬೆನ್ನ ಹಿಂದಿದ್ದರೆ ನೆರಳು ಗಾಜಿನ ಮೇಲೆ ಬೀಳುತ್ತದೆ. ಅದೇ ದೀಪವನ್ನು ಕಿಟಕಿ ಇರುವ ಗೋಡೆಗೇ, ಕಿಟಕಿಯ ಮೇಲ್ಗಡೆ ಹಾಕಿಸಿದರೆ ನೆರಳು ಒಳಗಿನ ಗೋಡೆಗೆ ಬೀಳುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದು ಹೋಲ್ಡರ್ ಬದಲಾಯಿಸಿದರೆ ಮುಗಿಯುವ ಕೆಲಸ. ಹಾಗೇ ಒರಟು ಮೈ ಒದ್ದೆಯಾದಾಗ ಮಬ್ಬು ಕಡಿಮೆಯಾಗುತ್ತದೆ. ತಗ್ಗುದಿಣ್ಣೆಯನ್ನು ನೀರು ತುಂಬಿಬಿಡುತ್ತದಲ್ಲ, ಅದಕ್ಕೆ. ಶವರ್ ನೀರು ನೇರ ಸಿಡಿಯುವ ಗಾಜಾದರೆ ಇದನ್ನೂ ಒಮ್ಮೆ ನೀರು ಎರಚಿ ನೋಡಿಕೊಳ್ಳಿ.

ಹಗಲಲ್ಲೇ ಕಾಣುತ್ತೆ

ಇಲ್ಲಿ ಓಣಿಯನ್ನು ನೋಡಬೇಕು. ಎರಡು ಮನೆಗಳ ನಡುವಿನ ಸಂದಿಯಲ್ಲಿ, ಸಜ್ಜಾದ ಕೆಳಗೆ ಹಗಲಲ್ಲೂ 1,000 ಲಕ್ಸ್‌ಗಿಂತ ಜಾಸ್ತಿ ಇಲ್ಲದಿರಬಹುದು. ಬಣ್ಣದ ಫಿಲ್ಮಿಗೆ ಕನ್ನಡಿ ಗುಣ ಕಡಿಮೆ. ಬರೀ ಗಾಜಿನಂತೆ ಶೇಕಡಾ 8ರಷ್ಟು ವಾಪಸ್ ಕಳಿಸುತ್ತದೆ. ಅಂದರೆ 80. ಒಳಗಿನ 40ಕ್ಕೆ ಅದು ಎರಡೇ ಪಟ್ಟು, ಮುಚ್ಚಿಹಾಕಲು ಸಾಲುವುದಿಲ್ಲ. ರಸ್ತೆ ಕಡೆಯ ಕಿಟಕಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಅದೇ ರೋಲಿನ ಫಿಲ್ಮ್ ಓಣಿ ಕಡೆ ಸೋಲುವುದು ಇದಕ್ಕೇ. ಓಣಿಗೆ ರಿಫ್ಲೆಕ್ಟಿವ್ ಅಥವಾ ಫ್ರಾಸ್ಟೆಡ್ ಬೇಕು.

ಕೋಣೆಯ ಎದುರು ಗೋಡೆಯಲ್ಲಿ ಇನ್ನೊಂದು ಕಿಟಕಿಯೋ ಬಾಲ್ಕನಿ ಬಾಗಿಲೋ ಇದ್ದರೂ ಹೀಗಾಗುತ್ತದೆ. ಹಿಂದಿನಿಂದ ಬಂದ ಬೆಳಕಲ್ಲಿ ನಿಮ್ಮ ಆಕಾರ ಎದ್ದು ಕಾಣುತ್ತದೆ. ಆ ಬಾಗಿಲಿನ ಕರ್ಟನ್ ಎಳೆದು ಮತ್ತೆ ನೋಡಿ. ಆಕಾರ ಮಾಯವಾದರೆ ಕಾರಣ ಸಿಕ್ಕಂತಾಯಿತು.

ಇನ್ನೂ ಒಂದಿದೆ, ಅದು ತಕ್ಷಣ ಹೊಳೆಯುವುದಿಲ್ಲ. ಫಿಲ್ಮ್ ಹಾಕಿದ ಮೇಲೆ ಅಡುಗೆಮನೆ ಕತ್ತಲಾಯಿತು ಅಂತ ಹಗಲಲ್ಲೂ ಲೈಟ್ ಹಾಕಲು ಶುರು ಮಾಡಿರುತ್ತಾರೆ. ಲೈಟ್ ಹಾಕಿದ್ದೇ ಒಳಗೆಲ್ಲ ಹೊರಕ್ಕೆ ಕಾಣುತ್ತದೆ. ಲೈಟ್ ಆರಿಸಿ ಹೊರಗೆ ಬಂದು ನೋಡಿದರೆ ಗೊತ್ತಾಗುತ್ತದೆ. ಆಗ ಬೇಕಿರುವುದು ಕಡಿಮೆ ಗಾಢದ ಫಿಲ್ಮ್.

ಗುಳ್ಳೆ, ಮಬ್ಬು

ಹೊಸದಾಗಿ ಹಾಕಿದ ಫಿಲ್ಮಿನಲ್ಲಿ ಗುಳ್ಳೆ ಕಂಡರೆ ಗಾಬರಿ ಬೇಡ. ನೀರಿನ ಗುಳ್ಳೆ ತಾನೇ ಹೋಗುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒಳಗೆ ದ್ರವ ಸರಿದಾಡಿದರೆ, ಗಾಜು ಅಲ್ಲಲ್ಲಿ ಮಂಜು ಕಟ್ಟಿದಂತೆ ಕಂಡರೆ ಅದು ನೀರು. ಬೇಸಿಗೆಯಲ್ಲಿ ಒಂದೆರಡು ವಾರ, ಮಳೆಗಾಲದಲ್ಲಿ ಒಂದು ತಿಂಗಳೋ ಇನ್ನೂ ಸ್ವಲ್ಪ ಜಾಸ್ತಿಯೋ ಹಿಡಿಯುತ್ತದೆ. ಮಲೆನಾಡು, ಕರಾವಳಿಯವರು ಜುಲೈನಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಒಣಗುವವರೆಗೆ ಆ ಗಾಜನ್ನು ಉಜ್ಜಬೇಡಿ.

ಒತ್ತಿದರೆ ಸರಿಯದೆ ಅಲ್ಲೇ ಉಬ್ಬಿಕೊಂಡಿರುವುದು ಗಾಳಿಯ ಗುಳ್ಳೆ. ಅದು ಹೋಗುವುದಿಲ್ಲ. ಸಣ್ಣದೊಂದೆರಡಿದ್ದರೆ ಸೂಜಿಯಿಂದ ಅಂಚಿಗೆ ಚುಚ್ಚಿ, ಬಟ್ಟೆ ಸುತ್ತಿದ ಹಳೆ ಎಟಿಎಂ ಕಾರ್ಡಿನಿಂದ ಒತ್ತಿ ಕೂರಿಸಬಹುದು. ಗುಳ್ಳೆಯ ನಡುವೆ ಕಪ್ಪು ಚುಕ್ಕಿ ಇದ್ದರೆ ಅದು ಧೂಳಿನ ಕಣ. ಗಾಜು ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ಇಂಥವು ಗಾಜಿನ ತುಂಬಾ ಇದ್ದರೆ ಅಂಟಿಸಿದವರನ್ನೇ ಕರೆಸಿ ಮತ್ತೆ ಮಾಡಿಸಿ. ಫ್ಯಾನ್ ತಿರುಗುತ್ತಿರುವಾಗ, ಕಿಟಕಿ ಪಕ್ಕ ಗಾರೆ ಕೆಲಸ ನಡೆಯುತ್ತಿರುವಾಗ ಫಿಲ್ಮ್ ಹಾಕಿದರೆ ಧೂಳು ಬಂದೇ ಬರುತ್ತದೆ.

ತಿಂಗಳು ಕಳೆದರೂ ಇಡೀ ಗಾಜು ಮಬ್ಬಾಗಿಯೇ ಇದ್ದರೆ ನೀರಿನ ಬಗ್ಗೆ ಯೋಚಿಸಿ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ತುಂಬಾ ಗಡುಸು. ಬಕೆಟ್ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟುವ ನೀರನ್ನೇ ಸಿಂಪಡಿಸಿ ಫಿಲ್ಮ್ ಕೂರಿಸಿದರೆ ಆ ಬಿಳುಪು ಗಾಜು ಮತ್ತು ಅಂಟಿನ ನಡುವೆ ಉಳಿದುಬಿಡುತ್ತದೆ. ಸೋಪು ಜಾಸ್ತಿಯಾದರೂ ಹೀಗೇ. ಒಂದು ಲೀಟರ್ ಫಿಲ್ಟರ್ ನೀರಿಗೆ ಕೆಲವು ಹನಿ ಬೇಬಿ ಶಾಂಪೂ ಸಾಕು. ಮನೆಗೆ ಕೆಲಸದವರು ಬಂದಾಗ ಆರ್‌ಒ ನೀರು ತುಂಬಿಸಿ ನೀವೇ ಕೊಡಿ, ಸಂಕೋಚ ಬೇಡ.

ಗುಳ್ಳೆ ಮತ್ತೆ ಮತ್ತೆ ಹುಟ್ಟುತ್ತಲೇ ಇದ್ದರೆ ಗಾಜನ್ನೇ ಅನುಮಾನಿಸಿ. ಅದು ಗಾಜೇ ಅಲ್ಲದೆ ಅಕ್ರಿಲಿಕ್ ಅಥವಾ ಪಾಲಿಕಾರ್ಬನೇಟ್ ಹಲಗೆ ಇರಬಹುದು. ಅವು ಬಿಸಿಲಿಗೆ ಒಳಗಿಂದ ಆವಿ, ಅನಿಲ ಬಿಡುತ್ತವೆ, ಫಿಲ್ಮ್ ಅದನ್ನು ಹೊರಗೆ ಬಿಡುವುದಿಲ್ಲ. ಉಗುರಿನಿಂದ ತಟ್ಟಿ ನೋಡಿ. ಗಾಜು ಟಣ್ ಅನ್ನುತ್ತದೆ, ಪ್ಲಾಸ್ಟಿಕ್ ಮಂಕಾಗಿ ಸದ್ದು ಮಾಡುತ್ತದೆ. ಹಳೆ ಮನೆಗಳ ಚುಕ್ಕಿ ಚುಕ್ಕಿ ಉಬ್ಬಿನ ಗಾಜಾದರೆ ಎರಡೂ ಮೈ ಸವರಿ ನೋಡಿ. ಒರಟು ಮೈಗೆ ಫಿಲ್ಮ್ ಹಿಡಿಯುವುದಿಲ್ಲ. ಅಂಥ ಗಾಜಿಗೆ ಫಿಲ್ಮ್ ಬೇಕೇ ಅಂತಲೂ ಯೋಚಿಸಿ. ಅದು ಆಗಲೇ ಅರ್ಧ ಕೆಲಸ ಮಾಡುತ್ತಿದೆ.

ಅಂಚು ಏಳುತ್ತಿದೆ

ಫಿಲ್ಮನ್ನು ಚೌಕಟ್ಟಿನ ರಬ್ಬರಿನವರೆಗೂ, ಇನ್ನೂ ಅದರ ಮೇಲಕ್ಕೂ ಎಳೆದು ಅಂಟಿಸಿದ್ದರೆ ಅಂಚು ಏಳುತ್ತದೆ. ಗಾಜಿನ ಸುತ್ತ ಒಂದೆರಡು ಮಿಲಿಮೀಟರ್ ಖಾಲಿ ಬಿಡಬೇಕು. ಆ ಬೆಳಕಿನ ಗೆರೆ ಕಂಡು ಕೆಲಸ ಕೆಟ್ಟಿದೆ ಅಂತ ಜಗಳ ಮಾಡಬೇಡಿ, ಅದು ಇರಲೇಬೇಕು.

ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಲ್ಲಿ ಬೇರೆ ತೊಂದರೆ. ಸೊಳ್ಳೆ ಜಾಲರಿಯ ಬಾಗಿಲು ಸರಿದಾಡುವಾಗ ಅದರ ಕುಚ್ಚು ಫಿಲ್ಮಿನ ಮೇಲೆ ಉಜ್ಜುತ್ತದೆ. ಗೀರು ನೆಟ್ಟಗೆ ಅಡ್ಡಕ್ಕೆ, ಒಂದೇ ಎತ್ತರದಲ್ಲಿ ಇದ್ದರೆ ಇದೇ ಕಾರಣ. ಅಡ್ಡಾದಿಡ್ಡಿ ಗೀರಾದರೆ ಒರೆಸುವ ಬಟ್ಟೆಯದು. ಪಾತ್ರೆ ಉಜ್ಜುವ ಸ್ಕ್ರಬ್ಬರ್, ನ್ಯೂಸ್‌ಪೇಪರ್ ಎರಡೂ ಬೇಡ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಬೇಡ, ಅದು ಫಿಲ್ಮಿನ ಬಣ್ಣಕ್ಕೂ ಅಂಟಿಗೂ ಕೇಡು. ಮೆತ್ತನೆ ಬಟ್ಟೆ, ಸೋಪಿನ ನೀರು ಸಾಕು.

ಗಾಜು ಬಿರುಕು ಬಿಟ್ಟಿತು

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿರುಕು ಎಲ್ಲಿಂದ ಹೊರಟಿದೆ ನೋಡಿ. ಒಂದು ಬಿಂದುವಿನಿಂದ ಸುತ್ತಲೂ ಚದುರಿದ್ದರೆ ಚೆಂಡೋ ಕಲ್ಲೋ ಬಿದ್ದಿದೆ. ಗಾಜಿನ ಅಂಚಿನಿಂದ ನೇರ ಲಂಬವಾಗಿ ಒಳಕ್ಕೆ ಹೊರಟು, ಆಮೇಲೆ ಸೊಟ್ಟಸೊಟ್ಟಗೆ ಹೋಗಿದ್ದರೆ ಅದು ಶಾಖದ ಬಿರುಕು.

ಬಣ್ಣದ ಫಿಲ್ಮ್ ಬಿಸಿಲನ್ನು ಹೀರಿ ಗಾಜಿಗೆ ಕೊಡುತ್ತದೆ. ನಡುಭಾಗ ಕಾದು ಹಿಗ್ಗುತ್ತದೆ. ಚೌಕಟ್ಟಿನೊಳಗೆ ಹುದುಗಿದ ಅಂಚು ತಣ್ಣಗೇ ಇರುತ್ತದೆ. ನಡುವು ಹಿಗ್ಗಿ ಅಂಚನ್ನು ಎಳೆಯುತ್ತದೆ. ಅಂಚಿನಲ್ಲಿ, ಗಾಜು ಕತ್ತರಿಸುವಾಗ ಆದ ಸಣ್ಣ ಚಕ್ಕೆ ಇದ್ದರೆ ಅಲ್ಲಿಂದಲೇ ಸೀಳುತ್ತದೆ. ಪಡುವಣದ ಕಿಟಕಿ, ಸಜ್ಜಾದ ನೆರಳು ಅರ್ಧ ಗಾಜಿಗೆ ಮಾತ್ರ ಬೀಳುವುದು, ಗಾಜಿಗೆ ಒತ್ತಿ ನಿಲ್ಲಿಸಿದ ಬೀರು, ಎಸಿಯ ಗಾಳಿ ನೇರ ಗಾಜಿಗೆ ಹೊಡೆಯುವುದು ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಕಾರಿಗೆಂದು ತಂದ ಕಪ್ಪು ಫಿಲ್ಮಿನ ಉಳಿದ ತುಂಡನ್ನು ಮನೆ ಗಾಜಿಗೆ ಹಾಕಿಸುವವರು ಇದನ್ನು ನೆನಪಿಡಿ. ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಈ ವ್ಯತ್ಯಾಸವನ್ನು ಚೆನ್ನಾಗಿ ತಡೆಯುತ್ತದೆ, ಸಾದಾ ಗಾಜು ತಡೆಯುವುದಿಲ್ಲ. ಎರಡು ಪದರದ, ನಡುವೆ ಗಾಳಿ ಮುಚ್ಚಿದ ಗಾಜಾದರೆ ಕಿಟಕಿ ಮಾಡಿದವರನ್ನು ಕೇಳದೆ ಫಿಲ್ಮ್ ಹಾಕಿಸಬೇಡಿ. ಬಿರುಕು ಬಿಟ್ಟ ಗಾಜನ್ನು ಫಿಲ್ಮ್ ಹಿಡಿದಿಟ್ಟಿರುತ್ತದೆ, ಹಾಗಂತ ಬಿಡಬೇಡಿ. ಗಾಜು ಬದಲಾಯಿಸಿ.

ಉಳಿದ ಕೆಲವು

ಕಪ್ಪು ಫಿಲ್ಮ್ ನೇರಳೆಗೆ ತಿರುಗಿದರೆ ಬಣ್ಣ ಬಿಸಿಲಿಗೆ ಸತ್ತಿದೆ. ರಿಪೇರಿ ಇಲ್ಲ, ಬದಲಾಯಿಸಬೇಕು. ಫಿಲ್ಮ್ ಹಾಕಿದ ಮೇಲೆ ಮನೆಯೊಳಗೆ ಮೊಬೈಲ್ ಸಿಗ್ನಲ್ ಕುಸಿದರೆ ಲೋಹದ ಲೇಪನ ಕಾರಣ ಇರಬಹುದು. ಕಿಟಕಿ ತೆರೆದು, ಮುಚ್ಚಿ, ಎರಡೂ ಸಲ ಸಿಗ್ನಲ್ ನೋಡಿದರೆ ಗೊತ್ತಾಗುತ್ತದೆ. ಒಂದೆರಡು ಕಿಟಕಿಗೆ ಲೋಹವಿಲ್ಲದ ಫಿಲ್ಮ್ ಹಾಕಿಸಿದರೆ ಸುಧಾರಿಸುತ್ತದೆ.

ಕನ್ನಡಿ ಫಿಲ್ಮ್ ಹಾಕಿದ ಗಾಜಿಗೆ ಬೆಳಗಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಹೊರಗೆ ನೋಡಿ. ಸೂರಕ್ಕಿಯೋ ಪಿಕಳಾರವೋ ತನ್ನ ಬಿಂಬವನ್ನು ಎದುರಾಳಿ ಅಂತ ತಿಳಿದು ಕುಕ್ಕುತ್ತಿರುತ್ತದೆ. ಗೂಡು ಕಟ್ಟುವ ಕಾಲದಲ್ಲಿ ದಿನವಿಡೀ ಹೊಡೆದಾಡಿ ಸುಸ್ತಾಗುತ್ತವೆ, ಪಾಪ. ಒಳಗಿಂದ ಓಡಿಸಿ ಪ್ರಯೋಜನವಿಲ್ಲ. ಗಾಜಿನ ಹೊರಗಡೆ ಬಲೆಯೋ ಹಳೆ ಬಟ್ಟೆಯೋ ಕಟ್ಟಿ ಬಿಂಬ ಮುಚ್ಚಿದರೆ ನಿಲ್ಲುತ್ತದೆ.

ಕೀಳಲೇಬೇಕಾದರೆ

ಒಂದು ಮೂಲೆಗೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ, ಮೆಲ್ಲಗೆ ಎತ್ತಿ, ಗಾಜಿಗೆ ಸಮೀಪವೇ ಬಾಗಿಸಿಕೊಂಡು ನಿಧಾನ ಎಳೆಯಿರಿ. ಜೋರಾಗಿ ಎಳೆದರೆ ಫಿಲ್ಮ್ ಬರುತ್ತದೆ, ಅಂಟು ಅಲ್ಲೇ ಉಳಿಯುತ್ತದೆ. ಉಳಿದ ಅಂಟಿನ ಮೇಲೆ ಸೋಪಿನ ನೀರು ಸಿಂಪಡಿಸಿ ಹತ್ತು ನಿಮಿಷ ನೆನೆಯಲು ಬಿಡಿ. ಹೊಸ ಬ್ಲೇಡನ್ನು ಗಾಜಿಗೆ ಓರೆಯಾಗಿಟ್ಟು ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೆ ಎಳೆದರೆ ಗೀರು ಬೀಳುತ್ತದೆ. ಟಫನ್ಡ್ ಗಾಜಾದರೆ ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಮೇಲ್ಮಹಡಿಯಲ್ಲಿ ಹೊರಗೆ ಬಗ್ಗಿ ಈ ಕೆಲಸ ಬೇಡವೇ ಬೇಡ.

ಹೊಸದನ್ನು ತರುವಾಗ ಅಂಗಡಿಯವರ ಮುಂದೆ ನಾಲ್ಕು ಸಂಗತಿ ಇಡಿ. ಗಾಜಿನ ಬಗೆ, ಕಿಟಕಿಯ ದಿಕ್ಕು, ಎದುರಿನ ಕಿಟಕಿಗೆ ಎಷ್ಟು ಅಡಿ, ಮತ್ತು ಹಗಲು-ರಾತ್ರಿ ಎರಡೂ ಹೊತ್ತು ಹೊರಗಿನಿಂದ ತೆಗೆದ ಫೋಟೋ. ಒಂದು ಕೈಯಗಲದ ಸ್ಯಾಂಪಲ್ ಕೇಳಿ ಗಾಜಿಗೆ ಟೇಪಿನಿಂದ ಅಂಟಿಸಿ ರಾತ್ರಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ವಾರಂಟಿ ಇದೆ ಅಂದರೆ ಸುಮ್ನೆ ಒಪ್ಪಬೇಡಿ. ಅಂಟು ಬಿಡುವುದು, ಬಣ್ಣ ಹೋಗುವುದು ಇದರಲ್ಲಿ ಸೇರಿದೆಯಾ, ಶಾಖಕ್ಕೆ ಗಾಜು ಒಡೆದರೆ ಯಾರ ಹೊಣೆ ಅನ್ನುವುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.